ಕಡಲ ಮಹಾಮತ್ಸ್ಯದ ಕಥೆಯಲ್ಲಿ ಅಂಗಿರಸ

೧

ಮೀನುಬೇಟೆಯ ಕಥೆಯೊಂದರಲ್ಲಿ ಅಂಗಿರಸವಾವುದೆಂಬ ಪ್ರಶ್ನೆಯು ಮೊದಲ ನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಅರ್ನೆಸ್ಟ್ ಹೆಮಿಂಗ್ವೇ (೧೮೯೯–೧೯೬೧) ಎಂಬ ಅಮೆರಿಕದ ಕಾದಂಬರಿಕಾರನು ೧೯೫೨ರಲ್ಲಿ ಪ್ರಕಟಿಸಿದ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಎಂಬ ಕಿರುಕಾದಂಬರಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ಬಿಡಿಸದೆ ಮುಂದೆ ಸಾಗುವಂತಿಲ್ಲ. ಕೃತಿಗೆ ೧೯೫೩ರಲ್ಲಿ ಪುಲಿಟ್ಜರ್ ಬಹುಮಾನವು ದೊರೆಯಿತು. ಮರುವರ್ಷ ಗ್ರಂಥಕರ್ತನಿಗೆ ನೊಬೆಲ್ ಪಾರಿತೋಷಕವು ಬಂದಾಗ ಅದರ ಪ್ರಶಸ್ತಿವಾಕ್ಯದಲ್ಲಿಯೂ ಈ ಕೃತಿಯ ಹೆಸರು ಬಂದಿತು. ಇಷ್ಟು ಪ್ರಸಿದ್ಧವಾದ ಈ ಕಥೆಯು ಓದಿದವರ ಮನಸ್ಸಿನಲ್ಲಿ ಬಿಟ್ಟುಹೋಗುವ ಭಾವವು ಶೋಕವೇ, ಉತ್ಸಾಹವೇ ಎಂಬುದನ್ನು ನಿರ್ಣಯಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ವಾಮದಪದವಿನಂಥ ಊರಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ಗೌರವವು ಇನ್ನೂ ಸ್ಪಷ್ಟವಾಗುತ್ತದೆ. ತೆಂಕಲಿಗೆ ನೇತ್ರಾವತಿ, ಬಡಗಲಿಗೆ ಫಲ್ಗುಣಿ; ಈ ಎರಡು ನದಿಗಳ ನಡುವಣ ಎತ್ತರದ ನೆಲದಲ್ಲಿರುವ ಊರಿಗೆ ಕಡಲು ಕಾಣದು. ನದಿಗಳೆರಡೂ ಮಂಗಳೂರಿನ ಅಳಿವೆಯಲ್ಲಿ ಒಂದಾಗಿ ಕಡಲನ್ನು ಸೇರುತ್ತವೆ. ಕಡಲಿನಿಂದ ಊರಿಗೆ ಬರುವುದು ಮೀನು ಮಾತ್ರ. ಮಳೆಗಾಲದಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ಕಾಲ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಸರಕಾರದ ನಿಯಮವು ಇಲ್ಲಿಯವರಿಗೆ ತಿಳಿಯುವುದು ಬೂತಾಯಿ ಬಂಗುಡೆಗಳ ಬೆಲೆಯಿಂದ. ಮೀನನ್ನು ಬಲ್ಲ, ಮೀನು ಹಿಡಿಯುವವನ ಬಾಳನ್ನು ದೂರದಿಂದಷ್ಟೇ ಬಲ್ಲ ಇಂಥ ಒಳನಾಡಿನ ತರಗತಿಯಲ್ಲಿ ಈ ಕಥೆಯನ್ನು ‘ಪಾಪ, ಮುದುಕನು ಸೋತನು’ ಎಂದು ಹೇಳಿಕೊಟ್ಟರೆ, ಬಡವನ ದುಡಿಮೆಯು ಕನಿಕರಕ್ಕೆ ಮಾತ್ರ ಪಾತ್ರವೆಂದು ಕಲಿಸಿದಂತಾಗುತ್ತದೆ. ರಸನಿರ್ಣಯವು ತಪ್ಪಿದರೆ ಮನುಷ್ಯನ ಬೆಲೆಯ ನಿರ್ಣಯವೂ ತಪ್ಪುವುದು.

೨

ಕಥಾವಸ್ತುವನ್ನು ಸಂಕ್ಷೇಪವಾಗಿ ಹೇಳಬಹುದು. ಕ್ಯೂಬಾ ದ್ವೀಪದ ಸಾಂಟಿಯಾಗೊ ಎಂಬ ಮುದಿ ಬೆಸ್ತನಿಗೆ ೮೪ ದಿನಗಳವರೆಗೆ ಒಂದು ಮೀನೂ ಸಿಕ್ಕಿಲ್ಲ. ಮೊದಲ ೪೦ ದಿನ ಜೊತೆಗಿದ್ದ ಮನೋಲಿನ್ ಎಂಬ ಹುಡುಗನನ್ನು ಅವನ ತಂದೆತಾಯಿಗಳು, ಮುದುಕನು ನತದೃಷ್ಟನೆಂದು ಬಗೆದು, ಬೇರೆ ದೋಣಿಗೆ ಕಳುಹಿಸಿದ್ದಾರೆ. ೮೫ನೆಯ ದಿನ ಮುದುಕನು ಒಬ್ಬನೇ, ಉಳಿದ ಬೆಸ್ತರು ಹೋಗದಷ್ಟು ದೂರಕ್ಕೆ, ಗಲ್ಫ್ ಸ್ಟ್ರೀಮ್ ಎಂಬ ಸಾಗರಪ್ರವಾಹದೊಳಕ್ಕೆ ಹೋಗುತ್ತಾನೆ. ಆಳದಲ್ಲಿ ಗಾಳವನ್ನು ನುಂಗಿದುದು ಈಟಿಯಂತೆ ಮೂತಿಯುಳ್ಳ ಮಾರ್ಲಿನ್ ಎಂಬ ಮಹಾಮತ್ಸ್ಯ. ಅದು ಎರಡು ರಾತ್ರಿ ದೋಣಿಯನ್ನೇ ಎಳೆದುಕೊಂಡು ಹೋಗುತ್ತದೆ. ಮೂರನೆಯ ಹಗಲು ಅವನು ಅದನ್ನು ಕೊಂದು ದೋಣಿಯ ಬದಿಗೆ ಕಟ್ಟುತ್ತಾನೆ. ಮೀನು ದೋಣಿಗಿಂತಲೂ ಉದ್ದ, ೧೮ ಅಡಿ. ಹಿಂದಿರುಗುವ ದಾರಿಯಲ್ಲಿ ರಕ್ತದ ವಾಸನೆಗೆ ಬಂದ ಶಾರ್ಕುಗಳು ಅದನ್ನು ಕಿತ್ತು ತಿನ್ನುತ್ತವೆ. ಈಟಿ, ಚೂರಿ, ದೊಣ್ಣೆಗಳೊಂದಿಗೆ ಅವನು ಕಾದಾಡುತ್ತಾನೆ. ದಡ ಸೇರುವಾಗ ತಲೆಯೂ ಬೆನ್ನೆಲುಬೂ ಬಾಲವೂ ಮಾತ್ರ ಉಳಿದಿವೆ.

ಈ ಇತಿವೃತ್ತವು ಕವಿಕಲ್ಪಿತವಲ್ಲ. ಹೆಮಿಂಗ್ವೇಯು ೧೯೩೨ರಿಂದ ಕ್ಯೂಬಾದ ಕಡಲಿನಲ್ಲಿ ಮಾರ್ಲಿನ್ ಬೇಟೆಯಾಡುತ್ತಿದ್ದನು. ೧೯೩೪ರಲ್ಲಿ ‘ಪಿಲಾರ್’ ಎಂಬ ಸ್ವಂತ ದೋಣಿಯನ್ನೂ ಮಾಡಿಸಿಕೊಂಡನು. ಸ್ವದೇಶವನ್ನು ಬಿಟ್ಟು ಪರದೇಶದ ಕಡಲಿಗೆ ದೊಡ್ಡ ಮೀನಿನ ಕನಸನ್ನು ಹೊತ್ತು ಹೋದ ವಿನೋದಿ ಅವನು. ೧೯೩೬ರ ಏಪ್ರಿಲ್ ತಿಂಗಳಿನ ‘ಎಸ್ಕ್ವಯರ್’ ಪತ್ರಿಕೆಯಲ್ಲಿ ಈ ಬೇಟೆಯನ್ನು ಕುರಿತು ಒಂದು ಲೇಖನವನ್ನು ಬರೆದನು. ಆನೆಯ ಬೇಟೆಯ ಮುಂದೆ ಕಡಲ ಮೀನಿನ ಬೇಟೆ ಏತರದೆಂಬ ಗೆಳೆಯನೊಬ್ಬನ ಆಕ್ಷೇಪಕ್ಕೆ ಅದು ಉತ್ತರ. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಮಾಡುವ ಮೃಗಯಾಪ್ರಶಂಸೆಯ ಜಾತಿಗೆ ಸೇರಿದ ಬರಹವೆನ್ನಬಹುದು. ಆ ಲೇಖನದ ನಡುವೆ ಕೆಲವೇ ವಾಕ್ಯಗಳಲ್ಲಿ ಮುದಿ ಬೆಸ್ತನೊಬ್ಬನ ವೃತ್ತಾಂತವು ಬರುತ್ತದೆ. ಕಬಾನಿಯಾಸ್ ಎಂಬಲ್ಲಿಂದ ಒಬ್ಬನೇ ಹೋಗಿದ್ದ ಮುದುಕನನ್ನು ಮಾರ್ಲಿನ್ ಮೀನು ಕಡಲಿನೊಳಕ್ಕೆ ಎಳೆದೊಯ್ದಿತು; ಎರಡು ದಿನಗಳ ಮೇಲೆ ೬೦ ಮೈಲಿ ಮೂಡಲಲ್ಲಿ ಬೇರೆ ಬೆಸ್ತರು ಅವನನ್ನು ಕಂಡರು; ಶಾರ್ಕುಗಳು ತಿಂದು ಬಿಟ್ಟ ಅರ್ಧಕ್ಕೂ ಕಡಮೆಯ ಭಾಗವೇ ೮೦೦ ಪೌಂಡು ತೂಗಿತು; ಮುದುಕನು ಅರೆಹುಚ್ಚನಂತಾಗಿ ದೋಣಿಯಲ್ಲಿ ಅಳುತ್ತ ಕುಳಿತಿದ್ದನು; ಶಾರ್ಕುಗಳು ಇನ್ನೂ ಸುತ್ತುತ್ತಿದ್ದವು.

ಹದಿನಾರು ವರ್ಷಗಳ ಅನಂತರ ಇದೇ ವೃತ್ತಾಂತವು ಕಾವ್ಯವಾಯಿತು. ಇವೆರಡರ ನಡುವಣ ವ್ಯತ್ಯಾಸವೇ ರಸನಿರ್ಣಯಕ್ಕೆ ಮುಖ್ಯ ಪ್ರಮಾಣವಾಗಿದೆ.

೩

ಸಿದ್ಧವಾದ ಇತಿವೃತ್ತದಲ್ಲಿ ರಸಕ್ಕೆ ಅನುಗುಣವಲ್ಲದ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು, ಇಷ್ಟವಾದ ರಸಕ್ಕೆ ಉಚಿತವಾದ ಕಥೆಯನ್ನು ಕಲ್ಪಿಸಿಕೊಳ್ಳಬೇಕೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ವಿಧಿಸಿದ್ದಾನೆ. ಕುಂತಕನು ಇದನ್ನೇ ಪ್ರಕರಣವಕ್ರತೆಯೊಳಗೆ ಅಡಗಿಸಿ, ಮಹಾಭಾರತದಲ್ಲಿಲ್ಲದ ದುರ್ವಾಸಶಾಪವನ್ನು ಕಾಳಿದಾಸನು ಶಾಕುಂತಲದಲ್ಲಿ ತಂದುದನ್ನು ಉದಾಹರಿಸಿದ್ದಾನೆ. ಆದುದರಿಂದ ಕವಿಯು ಏನನ್ನು ಬದಲಾಯಿಸಿದನೆಂಬುದನ್ನು ನೋಡಿದರೆ ಅವನಿಗೆ ಇಷ್ಟವಾದ ರಸವು ಯಾವುದೆಂಬುದು ತಾನಾಗಿಯೇ ಹೊರಬೀಳುವುದು.

ಹೆಮಿಂಗ್ವೇಯು ಮಾಡಿದ ಮಾರ್ಪಾಡುಗಳಲ್ಲಿ ಮೂರು ಮುಖ್ಯವಾದುವು. ಮೊದಲನೆಯದು, ಮುದುಕನನ್ನು ಬೇರೆಯವರು ಬಂದು ಎತ್ತಿಕೊಂಡು ಹೋಗುವುದಿಲ್ಲ. ಅವನು ತಾನೇ ಹಾಯಿ ಬಿಚ್ಚಿ, ಚುಕ್ಕಾಣಿ ಹಿಡಿದು, ರಾತ್ರಿಯಲ್ಲಿ ತನ್ನ ಬಂದರನ್ನು ಸೇರುತ್ತಾನೆ. ಎರಡನೆಯದು, ಅರ್ಧ ಮೀನಾದರೂ ಉಳಿದಿದ್ದ ಕಡೆ ಈಗ ಎಲುಬಿನ ಹೊರತು ಏನೂ ಉಳಿಯುವುದಿಲ್ಲ. ನಷ್ಟವು ಪೂರ್ಣವಾಗಿದೆ, ಮಾರಲು ಒಂದು ಪೌಂಡು ಮಾಂಸವೂ ಇಲ್ಲ. ಮೂರನೆಯದು ಎಲ್ಲಕ್ಕಿಂತ ಮಿಗಿಲಾದುದು. ಕಾದಂಬರಿಯ ಕೊನೆಯಲ್ಲಿ ಮುದುಕನು ಅಳುವುದಿಲ್ಲ. ಬೆಳಗಾಗ ಗುಡಿಸಲಿಗೆ ಬಂದು, ಹುರಿಯುಜ್ಜಿ ಹರಿದ ಅವನ ಅಂಗೈಗಳನ್ನು ಕಂಡು ಅಳುವವನು ಹುಡುಗ ಮನೋಲಿನ್. ಇತಿವೃತ್ತದಲ್ಲಿದ್ದ ಕಣ್ಣೀರನ್ನು ಕವಿಯು ಬಿಸುಡಲಿಲ್ಲ; ನಾಯಕನ ಕಣ್ಣಿನಿಂದ ತೆಗೆದು ನೋಡುವವನ ಕಣ್ಣಿನಲ್ಲಿಟ್ಟನು.

ನಷ್ಟವನ್ನು ಹೆಚ್ಚಿಸಿ ಅಳುವನ್ನು ತೆಗೆದ ಈ ಮಾರ್ಪಾಡುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಶೋಕವೇ ಕವಿಗೆ ಇಷ್ಟವಾದ ಸ್ಥಾಯಿಯಾಗಿದ್ದರೆ ೧೯೩೬ರ ಇತಿವೃತ್ತವೇ ಸಾಕಾಗಿತ್ತು. ಅದರಲ್ಲಿ ಕರುಣರಸದ ಸಾಮಗ್ರಿಯೆಲ್ಲವೂ ಸಿದ್ಧವಾಗಿತ್ತು.

೪

ಇಲ್ಲಿ ಪೂರ್ವಪಕ್ಷವು ಹೀಗೆ ಏಳಬಹುದು. ವಿಭವನಾಶವು ಕರುಣದ ವಿಭಾವಗಳಲ್ಲೊಂದೆಂದು ಭರತಮುನಿಯು ಹೇಳಿದ್ದಾನೆ. ೮೪ ದಿನಗಳ ದಾರಿದ್ರ್ಯದ ಮೇಲೆ ಕೈಗೆ ಬಂದ ಸಂಪತ್ತು ಕಣ್ಣೆದುರಿಗೆ ನಾಶವಾಗುವುದಕ್ಕಿಂತ ವಿಭವನಾಶವು ಬೇರೆ ಯಾವುದು? ನಾಯಕನು ಅಳದಿದ್ದರೂ ಓದುವವನು ಅಳುತ್ತಾನಷ್ಟೆ? ಅಲ್ಲದೆ, ವೀರವು ಉತ್ತಮಪ್ರಕೃತಿಯನ್ನು ಆಶ್ರಯಿಸುವ ರಸವೆಂದು ಶಾಸ್ತ್ರವಿದೆ. ಮೀನು ಹಿಡಿದು ಹೊಟ್ಟೆ ಹೊರೆಯುವ ಬಡ ಮುದುಕನಲ್ಲಿ ಅದಕ್ಕೆ ಎಡೆಯೆಲ್ಲಿ?

ಮೊದಲನೆಯ ಆಕ್ಷೇಪಕ್ಕೆ ಸಮಾಧಾನವು ಕೃತಿಯ ಕೊನೆಯ ಸಂಭಾಷಣೆಯಲ್ಲಿಯೇ ಇದೆ. ಎದ್ದ ಮುದುಕನು ಶಾರ್ಕುಗಳು ತನ್ನನ್ನು ಸೋಲಿಸಿದವೆಂದು ಒಪ್ಪುತ್ತಾನೆ. ಆದರೆ ಹುಡುಗನೊಡನೆ ಅವನು ಬೇಗನೆ ಆಡತೊಡಗುವ ಮಾತು ಮುಂದಿನ ಬೇಟೆಯದು. ಒಳ್ಳೆಯ ಈಟಿಯೊಂದು ಬೇಕು, ಹಳೆಯ ಫೋರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿಯಿಂದ ಅದರ ಅಲಗನ್ನು ಮಾಡಬಹುದು, ಗ್ವಾನಬಕೋವಾ ಎಂಬಲ್ಲಿ ಸಾಣೆ ಹಿಡಿಸಬಹುದು ಎಂದು ಲೆಕ್ಕ ಹಾಕುತ್ತಾನೆ. ಶೋಕಗ್ರಸ್ತನ ಮಾತು ಕಳೆದುದರ ಸುತ್ತ ತಿರುಗುತ್ತದೆ. ಉತ್ಸಾಹಿಯದು ಮಾಡಬೇಕಾದುದರ ಕಡೆಗೆ ಹೊರಳುತ್ತದೆ. ಈಟಿಯಲ್ಲಿದ್ದ ದೋಷವನ್ನು ಕಂಡುಕೊಂಡು ತಿದ್ದಲು ಹೊರಡುವ ಈ ಬುದ್ಧಿಯೇ ಉತ್ಸಾಹವೆಂಬ ಸ್ಥಾಯಿಯ ಅನುಭಾವ. ಮನೋಲಿನ್‌ನ ಕಣ್ಣೀರಿನಲ್ಲಿರುವ ಕರುಣವು ಇದಕ್ಕೆ ಅಂಗವಾಗಿ ನಿಂತು ಇದನ್ನು ಪೋಷಿಸುತ್ತದೆ. ಓದುವವನ ಕಣ್ಣೀರು ಹುಡುಗನ ಕಣ್ಣೀರಿನೊಡನೆ ಸೇರುವುದು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಉತ್ತಮಪ್ರಕೃತಿಯೆಂಬುದಕ್ಕೆ ಉತ್ತಮಕುಲವೆಂದು ಅರ್ಥ ಮಾಡಿದರೆ ಈ ಕಥೆಯಲ್ಲಿ ವೀರವು ನಿಲ್ಲದು. ಆದರೆ ಪ್ರಕೃತಿ ಎಂದರೆ ಸ್ವಭಾವ. ಕನ್ನಡದಲ್ಲಿ ಈ ವಿವಾದವು ಸಾವಿರ ವರ್ಷಗಳ ಹಿಂದೆಯೇ ನಡೆದುಹೋಗಿದೆ. ೯೪೧ರ ವಿಕ್ರಮಾರ್ಜುನವಿಜಯದಲ್ಲಿ ಪಂಪನು, ಕುಲವನ್ನು ಹಳಿದವರಿಗೆ ಕರ್ಣನಿಂದ ಉತ್ತರವನ್ನು ಕೊಡಿಸಿ, ಹುಟ್ಟಿನಿಂದಲ್ಲ, ಮನುಷ್ಯನ ಗುಣದಿಂದಲೇ ಅವನ ಕುಲವನ್ನು ಅಳೆಯತಕ್ಕದ್ದೆಂದು ಸ್ಥಾಪಿಸಿದ್ದಾನೆ. ಪಂಪನನ್ನು ಒಪ್ಪಿದ ಕನ್ನಡಿಗನು ಸಾಂಟಿಯಾಗೊವಿನ ವೀರವನ್ನು ಒಪ್ಪದಿರಲು ಕಾರಣವಿಲ್ಲ.

ಮೂರನೆಯ ಆಕ್ಷೇಪವೊಂದುಂಟು. ಮುದುಕನು ಮೀನನ್ನು ತನ್ನ ಅಣ್ಣತಮ್ಮನೆಂದು ಕರೆಯುತ್ತಾನೆ, ಅದಕ್ಕಾಗಿ ಮರುಗುತ್ತಾನೆ, ಆದರೂ ಅದನ್ನು ಕೊಲ್ಲುತ್ತಾನೆ. ದಯೆಯೂ ವಧೆಯೂ ಒಬ್ಬನಲ್ಲಿಯೇ ಇರುವುದು ವಿರೋಧವಲ್ಲವೆ? ಇದಕ್ಕೆ ಉತ್ತರವನ್ನು ಕಾಳಿದಾಸನ ಬೆಸ್ತನೇ ಕೊಟ್ಟಿದ್ದಾನೆ. ಶಾಕುಂತಲದ ಆರನೆಯ ಅಂಕದ ಪ್ರವೇಶಕದಲ್ಲಿ ಶಕ್ರಾವತಾರದ ಧೀವರನು, ತನ್ನ ಕಸುಬನ್ನು ಹಾಸ್ಯಮಾಡಿದ ರಕ್ಷಕಾಧಿಕಾರಿಗೆ, ಹುಟ್ಟಿನಿಂದ ಬಂದ ಕಸುಬು ನಿಂದ್ಯವೆನಿಸಿದರೂ ಬಿಡಲಾಗದೆಂದೂ, ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯನೂ ಅನುಕಂಪೆಯಿಂದ ಮೃದುವಾಗಿಯೇ ಇರುವನೆಂದೂ ಹೇಳುತ್ತಾನೆ. ನಗಿಸುವ ಸನ್ನಿವೇಶದಲ್ಲಿ ಬಂದ ಮಾತಾದರೂ ಅದರ ಹುರುಳು ನಗೆಯದಲ್ಲ. ಕಾಳಿದಾಸನಿಗೆ ಬೇಕಾದುದು ರೋಹಿತಮತ್ಸ್ಯದ ಹೊಟ್ಟೆಯೊಳಗಣ ಉಂಗುರ. ಅದು ಸಿಕ್ಕಿದ ಕೂಡಲೆ ಧೀವರನು ರಂಗದಿಂದ ಹೊರಟುಹೋಗುತ್ತಾನೆ. ಅವನು ಬಿಟ್ಟುಹೋದ ಆ ಒಂದು ಮಾತನ್ನು ಹೆಮಿಂಗ್ವೇಯು ತನಗರಿವಿಲ್ಲದೆಯೇ ಒಂದು ಕೃತಿಯಾಗಿ ಬೆಳಸಿದಂತಿದೆ.

೫

ಇನ್ನು ವಿನೋದ, ವೃತ್ತಿ ಎಂಬ ಭೇದವನ್ನು ವಿಚಾರಿಸತಕ್ಕದ್ದು. ಮನುವು ಕಾಮಜವಾದ ಹತ್ತು ವ್ಯಸನಗಳಲ್ಲಿ ಮೃಗಯೆಯನ್ನು ಮೊದಲು ಎಣಿಸಿದ್ದಾನೆ. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯವುಂಟು. ಕಡಲಿನವು, ನದಿಯವು ಎಂದು ವಿಂಗಡಿಸಿದ ಮೂವತ್ತಕ್ಕೂ ಮಿಕ್ಕ ಜಾತಿಯ ಮೀನುಗಳು, ಅವುಗಳ ಆಹಾರ, ಗಾಳ, ಹುರಿ, ಮೀನು ಕಚ್ಚಿದಾಗ ಹುರಿಯನ್ನು ಸಡಿಲಿಸಿ ಎಳೆಯುವ ಕ್ರಮ ಇವನ್ನೆಲ್ಲ ಅರಸನು ವಿವರಿಸಿದ್ದಾನೆ. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಅಧ್ಯಾಯದ ತಿಳಿವಳಿಕೆಯು ಹಿರಿದು. ಆದರೆ ಅದರಲ್ಲಿ ರಸವಿಲ್ಲ, ಇರಬೇಕೆಂದು ಬಯಸುವುದೂ ಸಲ್ಲ, ಅದು ಶಾಸ್ತ್ರ. ಮೀನು ತಪ್ಪಿಸಿಕೊಂಡರೆ ಅರಸನು ಕಳೆದುಕೊಳ್ಳುವುದು ಏನೂ ಇಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನ ಬೇಟೆಯಲ್ಲಿ ಉತ್ಸಾಹವು ಪರೀಕ್ಷೆಗೊಳಗಾಗುವುದಿಲ್ಲ.

ಹೆಮಿಂಗ್ವೇಯು ಹುಟ್ಟಿನಿಂದಲೂ ಸ್ಥಿತಿಯಿಂದಲೂ ಸೋಮೇಶ್ವರನ ಪಕ್ಷದವನು, ಎಂದರೆ ವಿನೋದಿ. ಗಾಳದ ಕೋಲು, ಹುರಿ ಸುತ್ತುವ ಯಂತ್ರ, ಎಂಜಿನ್ನಿನ ದೋಣಿ ಇವು ಅವನ ಸಾಧನಗಳು. ೧೯೩೬ರ ಲೇಖನವನ್ನು ಬರೆದವನು ಆ ವಿನೋದಿಯೇ. ೧೯೫೨ರ ಕೃತಿಯಲ್ಲಿ ಅವನು ತನ್ನನ್ನು ತೆಗೆದುಹಾಕಿದನು. ಹುರಿಯನ್ನು ಬರಿಗೈಯಲ್ಲಿ ಹಿಡಿದು ಬೆನ್ನಿನ ಮೇಲೆ ತಾಳಿಕೊಳ್ಳುವ ವೃತ್ತಿಯವನಿಗೆ ಕಥೆಯನ್ನು ಒಪ್ಪಿಸಿದನು. ತಾನು ಮೀನಿನೊಡನೆ ಕಳೆದ ವರ್ಷಗಳ ಅನುಭವವೆಲ್ಲವೂ ಆ ಕೈಗಳ ಜ್ಞಾನವಾಗಿ ಮಾರ್ಪಟ್ಟಿದೆ. ಹಾಗಾದರೆ ಹೊರದೇಶದಿಂದ ಬಂದ ವಿನೋದಿಗಳಿಗೆ ಕಥೆಯಲ್ಲಿ ಎಡೆಯೇ ಇಲ್ಲವೆ? ಇದೆ, ಕೊನೆಯ ಪುಟದಲ್ಲಿ. ಅಲೆಗಳಲ್ಲಿ ತೇಲುವ ಮಹಾಮತ್ಸ್ಯದ ಎಲುಬನ್ನು ಕಂಡು ಪ್ರವಾಸಿ ಹೆಂಗಸೊಬ್ಬಳು ಇದೇನೆಂದು ಕೇಳುತ್ತಾಳೆ. ಹೋಟೆಲಿನ ಮಾಣಿಯು ನಡೆದುದನ್ನು ವಿವರಿಸಹೊರಟು ಶಾರ್ಕಿನ ಹೆಸರೆತ್ತುತ್ತಾನೆ. ಅವಳು ಅದೇ ಶಾರ್ಕೆಂದು ತಿಳಿದು ಬಾಲದ ಚೆಲುವನ್ನು ಮೆಚ್ಚಿಕೊಳ್ಳುತ್ತಾಳೆ. ಕೊಂದವನನ್ನೂ ಕೊಲ್ಲಲ್ಪಟ್ಟುದನ್ನೂ ಕಸಿದುಕೊಂಡುದನ್ನೂ ಅರಿಯದ ಈ ನೋಟದಲ್ಲಿ ಗ್ರಂಥಕರ್ತನು ತನ್ನ ಪಂಗಡವನ್ನೇ ವಿಡಂಬಿಸಿರುವನೆಂದು ತೋರುತ್ತದೆ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಶಾರ್ಕುಗಳನ್ನು ಕಂಡಾಗ ಮುದುಕನ ಬಾಯಿಂದ ಹೊರಟ ಉದ್ಗಾರವನ್ನು ಕವಿಯು ಅಂಗೈಗೆ ಮೊಳೆ ಹೊಡೆಸಿಕೊಂಡವನ ದನಿಗೆ ಹೋಲಿಸುತ್ತಾನೆ. ಮುದುಕನು ಕೂವೆಮರವನ್ನು ಹೆಗಲಲ್ಲಿ ಹೊತ್ತು ದಿಬ್ಬವನ್ನೇರುತ್ತ ಬೀಳುತ್ತಾನೆ. ಮಲಗಿದಾಗ ಅವನ ತೋಳುಗಳು ಚಾಚಿ ಅಂಗೈಗಳು ಮೇಲ್ಮುಖವಾಗಿವೆ. ಏಸುವಿನ ಶಿಲುಬೆಯು ಇಲ್ಲಿ ವ್ಯಂಗ್ಯವಾಗಿ ಉಳಿಯದೆ ಹೆಚ್ಚುಕಡಮೆ ವಾಚ್ಯವೇ ಆಗಿಬಿಟ್ಟಿದೆ. ಒಮ್ಮೆ ಸೂಚಿಸಿದರೆ ಧ್ವನಿ, ಮೂರು ಸಲ ಸೂಚಿಸಿದರೆ ಘೋಷಣೆ. ಬೆಸ್ತನ ವೀರಕ್ಕೆ ದೇವಪುತ್ರನ ಆಧಾರವು ಬೇಕಾಗಿರಲಿಲ್ಲ. ಅದು ತನ್ನ ಕಾಲ ಮೇಲೆ ನಿಲ್ಲಬಲ್ಲುದು. ದೊಡ್ಡ ಕೃತಿಯಲ್ಲಿ ಇದೊಂದು ಸಣ್ಣ ಅವಿಶ್ವಾಸ.

೬

ಕೈಗೆ ಬಂದ ಮಹಾಲಾಭವು ಕೊನೆಗೆ ಕಳೆದುಹೋಗುವ ಕಥೆಗೆ ಕನ್ನಡದಲ್ಲಿಯೂ ಸಾಟಿಯುಂಟು. ವಾಮದಪದವಿನಿಂದ ಮೂಡಲಿಗೆ ಬೆಳ್ತಂಗಡಿಯ ದಾರಿ ಹಿಡಿದು ಚಾರ್ಮಾಡಿ ಘಾಟಿಯನ್ನು ಏರಿದರೆ ಮೂಡಿಗೆರೆಯ ಸೀಮೆ. ಆ ಕಾಡುಗಳನ್ನು ನೆಲೆಯಾಗಿ ಮಾಡಿಕೊಂಡು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ೧೯೮೦ರಲ್ಲಿ ‘ಕರ್ವಾಲೊ’ವನ್ನು ಪ್ರಕಟಿಸಿದರು. ತೇಜಸ್ವಿಯವರೂ ಗಾಳದ ಮೀನುಬೇಟೆಯಲ್ಲಿ ಆಸಕ್ತರಾಗಿದ್ದವರು. ಕಡಲಾಚೆಯ ಪ್ರವಾಸವನ್ನು ‘ಅಲೆಮಾರಿಯ ಅಂಡಮಾನ್’ದಲ್ಲಿ ಬರೆದವರು. ‘ಕರ್ವಾಲೊ’ದಲ್ಲಿ ವಿಜ್ಞಾನಿಯೊಬ್ಬನೂ ಹಳ್ಳಿಯ ಮಂದಣ್ಣನೂ ಅವರ ಸಂಗಡಿಗರೂ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಓತಿಯು ಕಣ್ಣಿಗೆ ಬೀಳುತ್ತದೆ. ಕೊನೆಗೆ ಬೆಟ್ಟದ ತುದಿಯಿಂದ ಹಾರಿ ಕಣಿವೆಯಲ್ಲಿ ಮರೆಯಾಗುತ್ತದೆ.

ಎರಡು ಕಥೆಗಳಲ್ಲಿಯೂ ಬಯಸಿದುದು ಕೈತಪ್ಪುತ್ತದೆ. ಆದರೆ ರಸವು ಬೇರೆ. ಓತಿಯು ಹಾರಿಹೋದಾಗ ನೋಡುವವರ ಮನಸ್ಸಿನಲ್ಲಿ ಉಳಿಯುವುದು ವಿಸ್ಮಯ. ಅದು ಜೀವಂತವಾಗಿ ಹೋಯಿತು. ಯಾರ ಅನ್ನವೂ ಅದರೊಡನೆ ಹೋಗಲಿಲ್ಲ. ಆದುದರಿಂದ ಅಲ್ಲಿ ಅದ್ಭುತವು ಅಂಗಿ. ಕ್ಯೂಬಾದ ಕಥೆಯಲ್ಲಿ ಕೈತಪ್ಪಿದುದು ಬೆಲೆಯುಳ್ಳ ಮಾಂಸ, ಚಳಿಗಾಲದ ಊಟ, ಮೂರು ದಿನಗಳ ದೇಹಬಲ. ಅಷ್ಟು ಹೋದ ಮೇಲೆಯೂ ಕುಗ್ಗದ ಮನಸ್ಸಿಗೆ ವೀರವೆಂಬ ಹೆಸರೇ ಸಲ್ಲುವುದು. ವಸ್ತುವು ಒಂದೇ ಬಗೆಯದಾದ ಮಾತ್ರಕ್ಕೆ ರಸವೂ ಒಂದೇ ಎಂದು ಭಾವಿಸಬಾರದೆಂಬುದಕ್ಕೆ ಈ ಎರಡು ಕೃತಿಗಳು ಒಳ್ಳೆಯ ಉದಾಹರಣೆಗಳು.

ಕೊನೆಯದಾಗಿ ಸ್ವಪ್ನದ ಮಾತು. ಇದನ್ನು ಕನಸಿನ ಮೀನಿನ ಕಥೆಯೆಂದು ಕರೆಯುವುದು ವಾಡಿಕೆಯಾಗಬಹುದು. ಕೃತಿಯು ಅದನ್ನು ಒಪ್ಪುವುದಿಲ್ಲ. ಮುದುಕನಿಗೆ ಈಗ ಬಿರುಗಾಳಿಗಳ ಕನಸು ಬೀಳುವುದಿಲ್ಲ, ಹೆಂಗಸರ ಕನಸು ಬೀಳುವುದಿಲ್ಲ, ದೊಡ್ಡ ಮೀನುಗಳ ಕನಸೂ ಬೀಳುವುದಿಲ್ಲವೆಂದು ಗ್ರಂಥಕರ್ತನು ಮೊದಲಿನಲ್ಲಿಯೇ ಹೇಳಿದ್ದಾನೆ. ಬೀಳುವ ಕನಸು ಎಳೆತನದಲ್ಲಿ ಆಫ್ರಿಕದ ಮರಳದಂಡೆಯಲ್ಲಿ ಕಂಡ ಸಿಂಹಗಳದು. ಎಲ್ಲವನ್ನೂ ಕಳೆದುಕೊಂಡ ರಾತ್ರಿಯ ಮರುದಿನ, ಕಥೆಯು ಮುಗಿಯುವಾಗ, ಅವನು ಕಾಣುತ್ತಿರುವುದೂ ಆ ಸಿಂಹಗಳನ್ನೇ. ಮೀನು ಕನಸಿನಲ್ಲಿ ಇದ್ದಿದ್ದರೆ ಶಾರ್ಕುಗಳು ಕನಸನ್ನೂ ತಿಂದುಹಾಕುತ್ತಿದ್ದವು. ಅವುಗಳ ಹಲ್ಲಿಗೆ ಎಟುಕದ ಕಡೆ ಇರುವುದರಿಂದಲೇ ಉತ್ಸಾಹವು ಇಲ್ಲಿ ಸ್ಥಾಯಿಯೆನಿಸಿತು.

ಆದುದರಿಂದ ಈ ಕೃತಿಯಲ್ಲಿ ವೀರವು ಅಂಗಿ, ಕರುಣವು ಅಂಗವೆಂದು ನಿರ್ಣಯಿಸುವುದು ಯುಕ್ತವಾಗಿದೆ. ಕಡಲನ್ನು ಕಾಣದ ಊರಿನ ತರಗತಿಯಲ್ಲಿ ಇದನ್ನು ಓದಿಸುವ ಉಪಾಧ್ಯಾಯರು ಮೀನಿನ ಎಲುಬನ್ನು ತೋರಿಸಿ ನಿಲ್ಲದೆ, ಫೋರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿಯ ಮಾತಿನವರೆಗೂ ವಿದ್ಯಾರ್ಥಿಗಳನ್ನು ಕರೆದೊಯ್ಯಬೇಕು. ಬುಟ್ಟಿಯಲ್ಲಿ ಊರಿಗೆ ಬರುವ ಮೀನಿನ ಹಿಂದೆ ಇಂಥ ಕೈಗಳಿವೆಯೆಂದು ಅವರಲ್ಲಿ ಒಬ್ಬನಾದರೂ ನೆನೆದರೆ ರಸನಿರ್ಣಯದ ಈ ಪ್ರಯಾಸವು ಸಾರ್ಥಕವಾಗುವುದು.